ಡೇಗಾನೆಯ ಟಂಗ್‌ಸ್ಟನ್ ಗಣಿ

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಆಕರಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಆಕರವೆಂದರೆ ಗಣಿ, ಆಕರಾಧ್ಯಕ್ಷನೆಂದರೆ ರಾಜ್ಯದ ಗಣಿಗಳನ್ನೆಲ್ಲ ನೋಡಿಕೊಳ್ಳತಕ್ಕವನು. ಇವನು ಧಾತುಶಾಸ್ತ್ರವನ್ನು ಬಲ್ಲವನಾಗಿರಬೇಕು, ಇಲ್ಲವೆ ಬಲ್ಲವರನ್ನು ಸಂಗಡ ಇಟ್ಟುಕೊಂಡಿರಬೇಕು. ಕಿಟ್ಟ, ಮೂಸೆ, ಇದ್ದಲು, ಬೂದಿ ಇವುಗಳ ಗುರುತಿನಿಂದ, ಹಿಂದೆ ಕೆಲಸ ನಡೆದು ನಿಂತುಹೋದ ಗಣಿಗಳನ್ನು ಕಂಡುಹಿಡಿಯಬೇಕು. ಅದಿರು ಎಷ್ಟು ಭಾರವೋ ಅದರಲ್ಲಿ ಸತ್ತ್ವವು ಅಷ್ಟು ಹೆಚ್ಚೆಂದು ಅರಿತಿರಬೇಕು. ಅಧ್ಯಾಯವನ್ನು ಮುಗಿಸುವಾಗ ಆಚಾರ್ಯನು ಒಂದು ಕ್ರಮವನ್ನು ಹೇಳುತ್ತಾನೆ: ಗಣಿಯಿಂದ ಬೊಕ್ಕಸ, ಬೊಕ್ಕಸದಿಂದ ದಂಡು, ಇವೆರಡರಿಂದ ಭೂಮಿ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಓಲೆಪ್ರತಿಯು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ ೧೯೦೯ರಲ್ಲಿ ಅಚ್ಚಾಯಿತು. ಅದು ಅಚ್ಚಾಗಿ ಐದು ವರ್ಷಗಳಾಗುವಷ್ಟರಲ್ಲಿ ಯೂರೋಪಿನಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ಆ ಯುದ್ಧವು ಮಾರವಾಡದ ಮರಳುಭೂಮಿಯಲ್ಲಿ ಒಂದು ಗಣಿಯನ್ನು ನಡೆಯಿಸಿತು. ಅಲ್ಲಿ ಆಚಾರ್ಯನ ಕ್ರಮವು ತಲೆಕೆಳಗಾಗಿ ಕಾಣುತ್ತದೆ. ದಂಡಿನಿಂದ ಗಣಿಗೆ ಜೀವ ಬಂದಿತು; ದಂಡು ಚದುರಿದ ಮೇಲೆ ಗಣಿಯೂ ಸೊರಗಿತು.

ಆ ಗಣಿಯ ಹೆಸರು ಡೇಗಾನಾ. ಅದರಿಂದ ಹೊರಟ ಲೋಹವು ಟಂಗ್‌ಸ್ಟನ್. ಗಾತ್ರದಲ್ಲಿ ಅದು ಕಿರಿದಾದ ಗಣಿ, ಈಗ ಪಾಳುಬಿದ್ದಿದೆ. ಆದರೂ ಅದರ ವೃತ್ತಾಂತವನ್ನು ಕೋಲಾರದ ಸೀಮೆಯವರು ತಿಳಿದಿರುವುದು ಲೇಸು. ಅದಕ್ಕೆ ಕಾರಣವು ಈ ಲೇಖನದ ಕೊನೆಯ ಭಾಗದಲ್ಲಿ ವಿಶದವಾಗುವುದು.

ಡೇಗಾನಾ ರಾಜಸ್ಥಾನದ ನಾಗೌರ್ ಜಿಲ್ಲೆಗೆ ಸೇರಿದ ಊರು. ಹಿಂದೆ ಅದು ಜೋಧಪುರ ಸಂಸ್ಥಾನದಲ್ಲಿತ್ತು. ಜೋಧಪುರದಿಂದ ಜಯಪುರದ ಕಡೆಗೆ ಹೋಗುವ ರೈಲುದಾರಿಯಲ್ಲಿ ಅದೊಂದು ಜಂಕ್ಷನ್. ಅದೇ ದಾರಿಯಲ್ಲಿ ಮೂಡಲಿಗೆ ಸಾಗಿದರೆ ಮಕ್ರಾನಾ ಸಿಕ್ಕುತ್ತದೆ. ತಾಜಮಹಲಿಗೆ ಅಮೃತಶಿಲೆಯನ್ನು ಕೊಟ್ಟ ಮಕ್ರಾನೆಯನ್ನು ಲೋಕವೆಲ್ಲ ಬಲ್ಲುದು. ಅದರ ನೆರೆಯ ಡೇಗಾನೆಯನ್ನು ಶಿಲಾಶಾಸ್ತ್ರಜ್ಞರಲ್ಲದೆ ಇತರರು ಬಲ್ಲವರು ವಿರಳ. ಊರಿನ ಬಳಿ ಸಮತಟ್ಟಾದ ಮರಳುಬಯಲಿನ ನಡುವೆ ಬೋಳಾದ ಒಂದು ಕಲ್ಲುಗುಡ್ಡವು ಥಟ್ಟನೆ ಮೇಲಕ್ಕೆದ್ದು ನಿಂತಿದೆ. ಅದನ್ನು ರೇವತ್ ಗುಡ್ಡವೆಂದೂ ರೇವಂತ ಗುಡ್ಡವೆಂದೂ ಕರೆಯುತ್ತಾರೆ. ರೇವಂತನೆಂದರೆ ಪುರಾಣಗಳಲ್ಲಿ ಸೂರ್ಯನ ಮಗ, ಕುದುರೆಗಳಿಗೆ ಅಧಿಪತಿ. ಗುಡ್ಡದ ಹೆಸರಿಗೆ ಮೂಲವು ಏನೇ ಇರಲಿ, ಅದರ ಒಡಲಿನಲ್ಲಿರುವುದು ಪುರಾಣಕಾರರ ಅರಿವಿಗೆ ಬಾರದೆ ಇದ್ದ ಧಾತು. ನಮ್ಮ ಹಳೆಯ ರಸಗ್ರಂಥಗಳು ಚಿನ್ನ, ಬೆಳ್ಳಿ, ತಾಮ್ರ, ತವರ, ಸೀಸ, ಕಬ್ಬಿಣಗಳನ್ನೂ ಪಾದರಸವನ್ನೂ ವಿಸ್ತಾರವಾಗಿ ವರ್ಣಿಸುತ್ತವೆ. ಟಂಗ್‌ಸ್ಟನ್ ಆ ಸಾಲಿನಲ್ಲಿಲ್ಲ.

ಇದಕ್ಕಾಗಿ ಹಿಂದಿನವರನ್ನು ಹಳಿಯಬೇಕಾದುದಿಲ್ಲ. ಈ ಲೋಹವು ಯಾವ ಮೂಸೆಯಲ್ಲಿಯೂ ಕರಗತಕ್ಕುದಲ್ಲ. ಶತಾಂಶಮಾನದ ೩೪೨೨ ಡಿಗ್ರಿಗಳಷ್ಟು ಕಾವು ಏರಿದ ಹೊರತು ಅದು ದ್ರವವಾಗದು. ಲೋಹಗಳಲ್ಲಿ ಇಷ್ಟು ಕಾವನ್ನು ತಡೆಯುವುದು ಮತ್ತೊಂದಿಲ್ಲ. ತೂಕದಲ್ಲಿ ಅದು ಚಿನ್ನಕ್ಕೆ ಸಮ. ನೀರಿಗಿಂತ ೧೯ ಪಾಲಿಗೂ ಮಿಗಿಲಾದ ಭಾರ. ೧೭೮೧ರಲ್ಲಿ ಸ್ವೀಡನ್ ದೇಶದ ಶೀಲೆ ಎಂಬ ರಸಾಯನಜ್ಞನು ಒಂದು ಬಿಳಿಯ ಭಾರದ ಕಲ್ಲಿನಿಂದ ಹೊಸದೊಂದು ಆಮ್ಲವನ್ನು ತೆಗೆದನು. ಆ ಕಲ್ಲಿಗೆ ಅವನ ಹೆಸರಿನಿಂದಲೇ ಮುಂದೆ ಶೀಲೈಟ್ ಎಂಬ ನಾಮವು ಬಂದಿತು. ಎರಡು ವರ್ಷಗಳ ಬಳಿಕ, ೧೭೮೩ರಲ್ಲಿ, ಸ್ಪೇನ್ ದೇಶದ ಎಲ್ಹುಯಾರ್ ಸೋದರರು ವುಲ್‌ಫ್ರಮೈಟ್ ಎಂಬ ಕರಿಯ ಕಲ್ಲಿನಿಂದ ಲೋಹವನ್ನೇ ಬೇರ್ಪಡಿಸಿದರು. ಟಂಗ್‌ಸ್ಟನ್ ಎಂಬುದಕ್ಕೆ ಸ್ವೀಡಿಷ್ ಭಾಷೆಯಲ್ಲಿ ಭಾರವಾದ ಕಲ್ಲೆಂದು ಅರ್ಥ. ವುಲ್‌ಫ್ರಾಮ್ ಎಂಬುದು ಜರ್ಮನ್ ಗಣಿಗಾರರ ಮಾತು. ತವರವನ್ನು ಕರಗಿಸುವಾಗ ಈ ಕರಿಯ ಕಲ್ಲು ಬೆರೆತಿದ್ದರೆ ತವರವು ನಷ್ಟವಾಗುತ್ತಿತ್ತು. ಕುರಿಯನ್ನು ತೋಳ ತಿಂದಂತೆ ಇದು ತವರವನ್ನು ತಿನ್ನುವುದೆಂದು ಅವರು ಬೈದರು. ಬೈಗಳೇ ಹೆಸರಾಗಿ ನಿಂತಿತು.

ಕಂಡುಹಿಡಿದ ಬಹುಕಾಲದ ವರೆಗೂ ಈ ಲೋಹಕ್ಕೆ ತಕ್ಕ ಉದ್ಯೋಗವು ದೊರೆಯಲಿಲ್ಲ. ೧೮೬೮ರಲ್ಲಿ ಇಂಗ್ಲೆಂಡಿನ ಮಷೆಟ್ ಎಂಬಾತನು ಉಕ್ಕಿಗೆ ಇದನ್ನು ಬೆರಸಿ, ಎಂದಿನಂತೆ ನೀರಿನಲ್ಲಿ ಅದ್ದದೆ ತಾನಾಗಿಯೇ ಗಡಸಾಗುವ ಉಕ್ಕನ್ನು ಮಾಡಿದನು. ೧೯ನೆಯ ಶತಮಾನದ ಅಂತ್ಯದಲ್ಲಿ ಅಮೆರಿಕದ ಟೇಲರ್ ಮತ್ತು ವೈಟ್ ಎಂಬವರು ಆ ವಿದ್ಯೆಯನ್ನು ಬೆಳೆಯಿಸಿ, ಕೆಂಪಗೆ ಕಾದರೂ ಅಲಗು ಮೊಂಡಾಗದ ಉಳಿಗಳನ್ನು ತಯಾರಿಸಿದರು. ಕಬ್ಬಿಣವನ್ನು ಕೊರೆಯುವ ಚರಕಿಯಂತ್ರಗಳ ವೇಗವು ಅದರಿಂದ ಹಲವು ಮಡಿ ಏರಿತು. ೧೯೧೦ರ ಸುಮಾರಿಗೆ ವಿದ್ಯುದ್ದೀಪದ ಎಳೆಗೂ ಇದೇ ಲೋಹವು ಬಂದಿತು. ಫಿರಂಗಿಯ ಕೊಳವೆಯನ್ನೂ ಗುಂಡಿನ ಕವಚವನ್ನೂ ಲಕ್ಷಗಟ್ಟಲೆ ಕಡೆಯುವ ಕಾರ್ಖಾನೆಗೆ ವೇಗವೇ ಪ್ರಾಣ. ಆ ವೇಗಕ್ಕೆ ಟಂಗ್‌ಸ್ಟನ್ ಆಧಾರ. ಹೀಗೆ ಕತ್ತಿಯ ಅಲಗಿಗಿಂತ ಕತ್ತಿಯನ್ನು ಮಾಡುವ ಉಳಿಗೆ ಹೆಚ್ಚು ಬೇಕಾದುದಾಗಿ, ಈ ಲೋಹವು ಯುದ್ಧದ ಸಾಮಗ್ರಿಗಳಲ್ಲಿ ಸೇರಿಹೋಯಿತು.

ಇಂತಹ ಧಾತುವು ಮಾರವಾಡದ ಗುಡ್ಡದೊಳಗೆ ಸೇರಿದುದು ಹೇಗೆಂಬುದನ್ನು ಈಗ ನೋಡಬೇಕು. ಆ ಸೀಮೆಯ ಹಳೆಯ ಕಲ್ಲು ತೆಳುವಾದ ಹಾಳೆಗಳಂತೆ ಬಿಡಿಸಿಕೊಳ್ಳುವ ಪದರುಗಲ್ಲು. ಸುಮಾರು ೮೦ ಕೋಟಿ ವರ್ಷಗಳ ಹಿಂದೆ, ಆಳದಲ್ಲಿ ಕರಗಿದ್ದ ಶಿಲಾದ್ರವವು ಈ ಪದರುಗಳನ್ನು ಭೇದಿಸಿಕೊಂಡು ಮೇಲಕ್ಕೆ ನುಗ್ಗಿ, ಹೊರಗೆ ಬರುವ ಮೊದಲೇ ತಣಿದು ಗ್ರಾನೈಟ್ ಆಯಿತು. ಶಿಲಾದ್ರವವು ಒಮ್ಮೆಗೆ ಗಟ್ಟಿಯಾಗುವುದಿಲ್ಲ. ಮೊದಲು ಸಾಮಾನ್ಯವಾದ ಖನಿಜಗಳು ಹರಳುಗಟ್ಟುತ್ತವೆ. ಅವುಗಳ ಹರಳಿನಲ್ಲಿ ಎಡೆ ದೊರೆಯದ ಧಾತುಗಳು ಉಳಿದ ದ್ರವದಲ್ಲಿಯೇ ನಿಂತು, ದ್ರವವು ಕಡಮೆಯಾದಂತೆಲ್ಲ ಸಾಂದ್ರವಾಗುತ್ತವೆ. ಬೆಲ್ಲದ ಕೊಪ್ಪರಿಗೆಯಲ್ಲಿ ನೀರು ಆರಿದಂತೆ ಪಾಕವು ಗಟ್ಟಿಯಾಗುವುದನ್ನು ಕಂಡವರಿಗೆ ಈ ವ್ಯಾಪಾರವು ಅರ್ಥವಾಗದಿರದು. ಡೇಗಾನೆಯಲ್ಲಿ ಹೀಗೆ ಕಡೆಯಲ್ಲಿ ಉಳಿದ ಬಿಸಿಯ ರಸದಲ್ಲಿ ನೀರು, ಫ್ಲೂರಿನ್, ಲಿಥಿಯಮ್, ಟಂಗ್‌ಸ್ಟನ್ ಇವು ಕೂಡಿದ್ದವು.

ಈ ರಸವು ಗ್ರಾನೈಟಿನ ಬಿರುಕುಗಳಲ್ಲಿಯೂ ಸುತ್ತಣ ಪದರುಗಲ್ಲಿನ ಬಿರುಕುಗಳಲ್ಲಿಯೂ ಹರಿದು ಬೆಣಚುಕಲ್ಲಿನ ಎಳೆಗಳಾಗಿ ನಿಂತಿತು. ಎಳೆಯ ಎರಡು ಮಗ್ಗುಲುಗಳಲ್ಲಿ ಅದು ಗ್ರಾನೈಟನ್ನೇ ಮಾರ್ಪಡಿಸಿತು. ಗ್ರಾನೈಟಿನಲ್ಲಿರುವ ಫೆಲ್ಸ್‌ಪಾರ್ ಎಂಬ ಖನಿಜವು ಅಳಿದು, ಆ ಸ್ಥಳದಲ್ಲಿ ಬೆಣಚು, ಅಭ್ರಕ, ಪುಷ್ಯರಾಗಗಳ ಬೆರಕೆಯುಳ್ಳ ಬೂದುಬಣ್ಣದ ಶಿಲೆಯು ಉಂಟಾಯಿತು. ಶಿಲಾಶಾಸ್ತ್ರಜ್ಞರು ಇದನ್ನು ಗ್ರೈಸನ್ ಎನ್ನುತ್ತಾರೆ. ಟಂಗ್‌ಸ್ಟನ್ನಿನ ಅದಿರಾದ ವುಲ್‌ಫ್ರಮೈಟ್ ಡೇಗಾನೆಯಲ್ಲಿ ಬೆಣಚಿನ ಎಳೆಗಳಲ್ಲಿಯೂ ಈ ಗ್ರೈಸನ್ನಿನಲ್ಲಿಯೂ ದೊರೆಯುತ್ತದೆ.

ವುಲ್‌ಫ್ರಮೈಟ್ ಎಂಬುದು ಕಬ್ಬಿಣ, ಮ್ಯಾಂಗನೀಸು, ಟಂಗ್‌ಸ್ಟನ್, ಆಮ್ಲಜನಕಗಳ ಸಂಯೋಗ. ಬಣ್ಣವು ಕಪ್ಪು ಅಥವಾ ಕಂದುಗಪ್ಪು; ಒಡೆದರೆ ಒಂದು ದಿಕ್ಕಿನಲ್ಲಿ ನುಣುಪಾಗಿ ಸೀಳಿ ಥಳಥಳಿಸುತ್ತದೆ. ಬೆಣಚುಕಲ್ಲು ನೀರಿಗಿಂತ ಎರಡೂವರೆ ಪಾಲಿನಷ್ಟು ಭಾರವಾದರೆ ಇದು ಏಳು ಪಾಲಿಗೂ ಮಿಗಿಲಾದ ಭಾರ. ಬಿಳಿಯ ಬೆಣಚಿನ ಮಧ್ಯದಲ್ಲಿ ಈ ಕರಿಯ ಹಲಗೆಗಳು ಹುದುಗಿರುವ ಒಂದು ತುಂಡನ್ನು ಕೈಗೆತ್ತಿಕೊಂಡವನಿಗೆ, ಭಾರದಲ್ಲಿ ಸತ್ತ್ವವಿದೆಯೆಂಬ ಆಚಾರ್ಯನ ಮಾತು ಕೈಗೇ ತಿಳಿಯುತ್ತದೆ. ಇದರ ಜೊತೆಯಲ್ಲಿ ಡೇಗಾನೆಯಲ್ಲಿ ಫ್ಲೂರೈಟ್, ಪುಷ್ಯರಾಗ, ತಾಮ್ರದ ಗಂಧಕಿತ, ಮಾಲಿಬ್ಡಿನಮ್ ಮತ್ತು ಬಿಸ್ಮತ್ತಿನ ಗಂಧಕಿತಗಳು ದೊರೆಯುತ್ತವೆ. ಲಿಥಿಯಮ್ ಕೂಡಿದ ಅಭ್ರಕವೂ ಅಲ್ಲಿದೆ. ಇದನ್ನು ಮುಂದೆ ಮತ್ತೆ ನೆನೆಯಬೇಕಾಗುವುದು.

ಗುಡ್ಡವು ಹುಟ್ಟಿದ ಮೇಲಿನ ದೀರ್ಘಕಾಲದಲ್ಲಿ ಮಳೆ, ಗಾಳಿ, ಬಿಸಿಲುಗಳು ಅದನ್ನು ಸವೆಯಿಸುತ್ತ ಬಂದವು. ಹಗುರವಾದ ಮಣ್ಣು ದೂರಕ್ಕೆ ಹೋಯಿತು. ಭಾರವಾದ ವುಲ್‌ಫ್ರಮೈಟ್ ಗುಡ್ಡದ ಬುಡದ ಗರಸಿನಲ್ಲಿಯೇ ಉಳಿಯಿತು. ಆದಕಾರಣ ಡೇಗಾನೆಯಲ್ಲಿ ಅದಿರು ಎರಡು ಬಗೆಯಲ್ಲಿದೆ: ಗುಡ್ಡದ ಎಳೆಗಳಲ್ಲಿರುವುದು ಒಂದು, ಬುಡದ ಗರಸಿನಲ್ಲಿರುವುದು ಮತ್ತೊಂದು. ಎಳೆಗಳಲ್ಲಿ ಟಂಗ್‌ಸ್ಟನ್ ಆಕ್ಸೈಡಿನ ಪ್ರಮಾಣವು ನೂರಕ್ಕೆ ೦.೨೫ರಿಂದ ೦.೫೪ರ ವರೆಗೆ ಇರುವುದಾಗಿ ಗಣಿಶಾಖೆಯ ಲೆಕ್ಕ. ಗರಸಿನಲ್ಲಿ ಸರಾಸರಿ ೦.೦೪. ಎಂದರೆ ಒಂದು ಟನ್ನು ಕಲ್ಲನ್ನು ಒಡೆದು ಪುಡಿಮಾಡಿದರೆ ಎರಡೂವರೆಯಿಂದ ಐದೂವರೆ ಕಿಲೋಗ್ರಾಮಿನ ವರೆಗೆ, ಒಂದು ಟನ್ನು ಗರಸನ್ನು ತೊಳೆದರೆ ೪೦೦ ಗ್ರಾಮಿನಷ್ಟು ಆಕ್ಸೈಡು. ಅದರಲ್ಲಿಯೂ ಒಂದು ಪಾಲು ಕೆಲಸದಲ್ಲಿ ನಷ್ಟವಾಗುತ್ತದೆ. ಈ ಅಂಕಿಗಳನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಗಣಿಯ ಮುಂದಿನ ಚರಿತ್ರೆಯು ತಾನಾಗಿಯೇ ತಿಳಿಯುತ್ತದೆ. ಬೆಲೆ ಏರಿದ್ದಾಗ ಇಷ್ಟು ಅದಿರು ಸಾಕು. ಬೆಲೆ ಇಳಿದಾಗ ಇದು ಕೂಲಿಗೂ ಸಾಲದು.

೧೯೧೪ಕ್ಕೆ ಮೊದಲು ಟಂಗ್‌ಸ್ಟನ್ನಿನ ವ್ಯಾಪಾರವು ವಿಚಿತ್ರವಾಗಿತ್ತು. ಅದಿರಿನ ದೊಡ್ಡ ಪಾಲು ಬ್ರಿಟಿಷರ ಆಳ್ವಿಕೆಯ ದೇಶಗಳಲ್ಲಿತ್ತು. ಅದರಲ್ಲಿಯೂ ಅಂದು ಇಂಡಿಯಾ ಸರ್ಕಾರಕ್ಕೆ ಸೇರಿದ್ದ ಬರ್ಮಾದ ತವಾಯ್ ಪ್ರಾಂತವು ಅದಕ್ಕೆ ಹೆಸರಾಗಿತ್ತು. ಆದರೆ ಅದಿರಿನಿಂದ ಲೋಹವನ್ನು ತೆಗೆಯುವ ವಿದ್ಯೆಯೂ ಕಾರ್ಖಾನೆಗಳೂ ಬಹುಮಟ್ಟಿಗೆ ಜರ್ಮನರ ಕೈಯಲ್ಲಿದ್ದವು. ಬ್ರಿಟಿಷರ ನೆಲದ ಕಲ್ಲು ಜರ್ಮನಿಗೆ ಹೋಗಿ, ಲೋಹದ ಪುಡಿಯಾಗಿ ಬ್ರಿಟಿಷರ ಉಕ್ಕಿನ ಕಾರ್ಖಾನೆಗೆ ಹಿಂದಿರುಗುತ್ತಿತ್ತು. ಯುದ್ಧವು ಆರಂಭವಾದೊಡನೆ ಈ ಹಾದಿಯು ಮುಚ್ಚಿತು. ಆಂಗ್ಲೇಯರು ತಮ್ಮ ದೇಶದಲ್ಲಿ ಹೊಸ ಕಾರ್ಖಾನೆಗಳನ್ನು ಕಟ್ಟಿಕೊಂಡರು. ಅದಿರನ್ನು ಎಲ್ಲೆಲ್ಲಿಯೂ ಹುಡುಕಿಸಿದರು. ತವಾಯಿಗೆ ಹೊಸ ರಸ್ತೆಗಳೂ ಸಾವಿರಾರು ಕೂಲಿಗಳೂ ಬಂದರು. ಡೇಗಾನೆಯ ಗುಡ್ಡದಲ್ಲಿಯೂ ಕೆಲಸವು ನಡೆದುದು ಆ ಯುದ್ಧದ ವರ್ಷಗಳಲ್ಲಿಯೇ.

೧೯೧೮ರಲ್ಲಿ ಯುದ್ಧವು ನಿಂತಿತು. ಫಿರಂಗಿ ಕಾರ್ಖಾನೆಗಳು ಕೆಲಸವನ್ನು ಇಳಿಸಿದವು; ಕೂಡಿಟ್ಟಿದ್ದ ಲೋಹವು ಮಾರುಕಟ್ಟೆಗೆ ಬಂದಿತು; ದಕ್ಷಿಣ ಚೀನದ ಗಣಿಗಳಿಂದ ಅಗ್ಗದ ಅದಿರು ಹೊರಡತೊಡಗಿತು. ಬೆಲೆಯು ಕುಸಿದು ಲೋಕದ ಎಷ್ಟೋ ಟಂಗ್‌ಸ್ಟನ್ ಗಣಿಗಳು ಮುಚ್ಚಿದವು. ಡೇಗಾನೆಯಂತಹ ಸಣ್ಣ ಗಣಿಗೆ ಆ ಕಾಲದಲ್ಲಿ ಉಳಿವು ಎಲ್ಲಿಯದು? ಗುಡ್ಡದಲ್ಲಿ ಅದಿರು ಮುಗಿದಿರಲಿಲ್ಲ. ಅದರ ಅಗತ್ಯವು ಮುಗಿದಿತ್ತು.

ಎರಡನೆಯ ಮಹಾಯುದ್ಧದಲ್ಲಿ ಇದೇ ಕಥೆಯು ಮರುಕಳಿಸಿತು. ಅಷ್ಟರಲ್ಲಿ ಟಂಗ್‌ಸ್ಟನ್ನಿಗೆ ಇನ್ನೊಂದು ಉಪಯೋಗವು ಕೂಡಿತ್ತು. ಇಂಗಾಲದೊಡನೆ ಸೇರಿಸಿ ಮಾಡಿದ ಟಂಗ್‌ಸ್ಟನ್ ಕಾರ್ಬೈಡ್, ಗಡಸಿನಲ್ಲಿ ವಜ್ರಕ್ಕೆ ಸಮೀಪವಾಗಿದ್ದು, ಉಳಿಯ ಮೊನೆಗೂ ಕವಚವನ್ನು ಭೇದಿಸುವ ಗುಂಡಿಗೂ ಬಂದಿತ್ತು. ೧೯೪೨ರ ಜನವರಿಯಲ್ಲಿ ತವಾಯ್ ಜಪಾನೀಯರ ವಶವಾಯಿತು. ಇಂಡಿಯಾಕ್ಕೆ ಹತ್ತಿರವಾದ ಅತಿ ದೊಡ್ಡ ಆಕರವು ಕೈಬಿಟ್ಟಿತು. ಡೇಗಾನೆಯ ಗುಡ್ಡವು ಮತ್ತೆ ಎಚ್ಚರಗೊಂಡಿತು. ಯೂರೋಪಿನಲ್ಲಿ ಯಾವ ಪಕ್ಷವನ್ನೂ ಸೇರದೆ ಇದ್ದ ಪೋರ್ಚುಗಲ್ ದೇಶದ ವುಲ್‌ಫ್ರಮೈಟಿಗಾಗಿ ಉಭಯ ಪಕ್ಷಗಳೂ ಪೈಪೋಟಿಯಿಂದ ಹಣವನ್ನು ಸುರಿದುದು ಇದೇ ಕಾಲದಲ್ಲಿ. ಯುದ್ಧವು ಮುಗಿದ ಮೇಲೆ ಬೆಲೆಯು ಇಳಿಯಿತು. ೧೯೫೦ರಲ್ಲಿ ಕೊರಿಯಾದ ಯುದ್ಧವು ಹುಟ್ಟಿದೊಡನೆ ಪುನಃ ಏರಿತು.

ಸ್ವಾತಂತ್ರ್ಯ ಬಂದ ಬಳಿಕ ಡೇಗಾನೆಯ ಗಣಿಯು ರಾಜಸ್ಥಾನಕ್ಕೆ ಸೇರಿ, ಸರ್ಕಾರದ ಆಶ್ರಯದಲ್ಲಿ ನಡೆಯಿತು. ದೇಶದಲ್ಲಿ ಟಂಗ್‌ಸ್ಟನ್ ದೊರೆಯುವ ಕೆಲವೇ ಸ್ಥಳಗಳಲ್ಲಿ ಅದು ಮುಖ್ಯವಾಗಿತ್ತು. ಇಲ್ಲಿ ಒಂದು ವಿಷಯವನ್ನು ಗಮನಿಸತಕ್ಕುದು. ವುಲ್‌ಫ್ರಮೈಟನ್ನು ಗಣಿಯ ಬಾಯಲ್ಲಿ ಯಾರೂ ಕರಗಿಸುವುದಿಲ್ಲ. ಕಲ್ಲನ್ನು ಪುಡಿಮಾಡಿ, ನೀರಿನಲ್ಲಿ ತೊಳೆದು, ಭಾರದಿಂದಲೂ ಆಯಸ್ಕಾಂತದಿಂದಲೂ ಅದಿರನ್ನು ಬೇರ್ಪಡಿಸಿ, ಆ ಕರಿಯ ಪುಡಿಯನ್ನು ದೂರದ ರಸಾಯನದ ಕಾರ್ಖಾನೆಗೆ ಕಳುಹಿಸುವುದು ರೂಢಿ. ಆದುದರಿಂದ ಕೌಟಿಲ್ಯನ ಆಕರಾಧ್ಯಕ್ಷನು ಇಂತಹ ಗಣಿಗೆ ಬಂದರೆ, ಅವನು ಅರಸುವ ಕಿಟ್ಟವಾಗಲಿ ಮೂಸೆಯಾಗಲಿ ಅವನಿಗೆ ಸಿಕ್ಕದು. ಸಿಕ್ಕುವುದು ತೊಳೆದು ಬಿಟ್ಟ ಪುಡಿಯ ರಾಶಿಗಳು ಮಾತ್ರ.

೧೯೮೦ರ ಬಳಿಕ ಚೀನದ ಅದಿರು ಲೋಕದ ಮಾರುಕಟ್ಟೆಯನ್ನು ತುಂಬಿತು. ಆ ಬೆಲೆಯ ಮುಂದೆ ಯೂರೋಪು, ಅಮೆರಿಕಗಳ ದೊಡ್ಡ ಗಣಿಗಳೇ ನಿಲ್ಲಲಾರದೆ ಹೋದವು. ಟನ್ನಿಗೆ ಕೆಲವು ಕಿಲೋಗ್ರಾಮಿನ ಡೇಗಾನೆಯು ೧೯೯೦ರ ದಶಕದ ಆದಿಯಲ್ಲಿ ಕೆಲಸವನ್ನು ನಿಲ್ಲಿಸಿತು. ಹೊರಗಿನಿಂದ ಕೊಳ್ಳುವುದು ಒಳಗೆ ಅಗೆಯುವುದಕ್ಕಿಂತ ಅಗ್ಗವೆಂಬ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ಪದ್ಧತಿ ಬಿಟ್ಟುಹೋಗಿತ್ತು. ಗಣಿಯು ಮುಚ್ಚಿದಾಗ ಅದಿರು ಗುಡ್ಡದಲ್ಲಿಯೇ ಉಳಿಯುತ್ತದೆ; ಅದನ್ನು ಗುರುತಿಸುವ ಕಣ್ಣು, ತೊಳೆಯುವ ಕೈ, ಎಳೆಯ ಜಾಡನ್ನು ಬಲ್ಲ ಅನುಭವ ಇವು ಜನರೊಡನೆ ಚದುರಿಹೋಗುತ್ತವೆ. ಕಲ್ಲು ಕಾಯಬಲ್ಲುದು, ಕಸುಬು ಕಾಯಲಾರದು.

ಇತ್ತೀಚೆಗೆ ಗುಡ್ಡದ ಹೆಸರು ಮತ್ತೊಮ್ಮೆ ಕೇಳಿಬಂದಿತು. ೨೦೨೩ರ ಮೇ ತಿಂಗಳಲ್ಲಿ ಡೇಗಾನೆಯಲ್ಲಿ ಅಪಾರವಾದ ಲಿಥಿಯಮ್ ನಿಕ್ಷೇಪವು ದೊರೆತಿದೆಯೆಂಬ ವಾರ್ತೆಯು ಪತ್ರಿಕೆಗಳಲ್ಲಿ ಹರಡಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಆ ವಾರ್ತೆಯನ್ನು ಆಧಾರವಿಲ್ಲದುದೆಂದು ನಿರಾಕರಿಸಿತು. ಲಿಥಿಯಮ್ ಕೂಡಿದ ಅಭ್ರಕವು ಅಲ್ಲಿರುವುದು ನಿಜ. ಅಭ್ರಕವಿರುವುದು ಬೇರೆ, ಅಳೆದು ನಿಶ್ಚಯಿಸಿದ ನಿಕ್ಷೇಪವಿರುವುದು ಬೇರೆ. ಅದೇ ವರ್ಷದ ಜೂನ್ ತಿಂಗಳಲ್ಲಿ ಭಾರತ ಸರ್ಕಾರವು ದೇಶಕ್ಕೆ ಅತ್ಯಗತ್ಯವೆಂದು ಪ್ರಕಟಿಸಿದ ೩೦ ಖನಿಜಗಳ ಪಟ್ಟಿಯಲ್ಲಿ ಟಂಗ್‌ಸ್ಟನ್ನೂ ಸೇರಿತು. ೨೦೨೫ರ ಫೆಬ್ರವರಿಯಲ್ಲಿ ಚೀನವು ಟಂಗ್‌ಸ್ಟನ್ನಿನ ರಫ್ತಿಗೆ ಕಟ್ಟುಪಾಡುಗಳನ್ನು ವಿಧಿಸಿತು. ಒಂದು ಶತಮಾನದ ಹಿಂದೆ ಬ್ರಿಟಿಷರು ಜರ್ಮನರ ಬಾಗಿಲು ಮುಚ್ಚಿದಾಗ ಕಲಿತ ಪಾಠವೇ ಇದು. ಹೆಸರುಗಳು ಮಾತ್ರ ಬೇರೆ.

ಈಗ ಕೋಲಾರದ ಮಾತು. ೨೦೧೫ರ ಲೆಕ್ಕದಂತೆ ಭಾರತದ ಟಂಗ್‌ಸ್ಟನ್ ಅದಿರಿನ ಸಂಪನ್ಮೂಲವು ೮.೭೪ ಕೋಟಿ ಟನ್; ಅದರಲ್ಲಿ ಅಡಗಿರುವ ಆಕ್ಸೈಡು ೧,೪೨,೦೯೪ ಟನ್. ಈ ಅದಿರಿನಲ್ಲಿ ರಾಜಸ್ಥಾನದ ಪಾಲು ನೂರಕ್ಕೆ ೨೭. ಕರ್ನಾಟಕದ ಪಾಲು ನೂರಕ್ಕೆ ೪೨. ಡೇಗಾನೆಯನ್ನು ಹೊಂದಿದ ರಾಜ್ಯಕ್ಕಿಂತ ಕನ್ನಡನಾಡಿನ ಪಾಲು ಹಿರಿದು! ಇದು ಬಹುಮಂದಿಗೆ ತಿಳಿಯದ ಸಂಗತಿ. ಕೋಲಾರದ ಚಿನ್ನದ ಎಳೆಗಳಲ್ಲಿ ಶೀಲೈಟ್, ಎಂದರೆ ಟಂಗ್‌ಸ್ಟನ್ನಿನ ಆ ಬಿಳಿಯ ಅದಿರು, ಬೆಣಚಿನ ಸಂಗಡ ಬೆರೆತಿದೆ. ಮಾಮೂಲು ಬೆಳಕಿನಲ್ಲಿ ಅದು ಬೆಣಚಿನಂತೆಯೇ ತೋರಿ ಕಣ್ಣನ್ನು ವಂಚಿಸುತ್ತದೆ. ನೇರಳಾತೀತ ದೀಪವನ್ನು ಹಿಡಿದರೆ ನೀಲಿಯಾಗಿ ಹೊಳೆಯುತ್ತದೆ. ೧೮೮೦ರ ದಶಕದಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ಚಿನ್ನವನ್ನು ತೆಗೆದುಕೊಂಡು ಉಳಿದುದನ್ನು ಚೆಲ್ಲಿದಾಗ, ಶೀಲೈಟಿನ ಬಹುಪಾಲು ಆ ಪುಡಿಯೊಡನೆ ಹೊರಕ್ಕೆ ಬಿದ್ದಿತು. ಜನರು ಸಯನೈಡ್ ದಿಬ್ಬಗಳೆಂದು ಕರೆಯುವ ಬೂದುಬಣ್ಣದ ಗುಡ್ಡಗಳು ಹೀಗೆ ಬೆಳೆದವು.

ರೇವಂತ ಗುಡ್ಡವನ್ನು ಪ್ರಕೃತಿಯು ಕಟ್ಟಿತು. ಈ ಗುಡ್ಡಗಳನ್ನು ಮನುಷ್ಯನು ಕಟ್ಟಿದನು. ೨೦೦೧ರ ಫೆಬ್ರವರಿ ೨೮ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ ದಿಬ್ಬಗಳು ಹಾಗೆಯೇ ನಿಂತಿವೆ. ಗಾಳಿಯ ಕಾಲದಲ್ಲಿ ಅವುಗಳ ಧೂಳು ಮನೆಗಳೊಳಕ್ಕೆ ಬರುತ್ತದೆ. ಅದನ್ನು ಗುಡಿಸಿ ಹೊರಹಾಕುವ ಗೃಹಿಣಿಯು ಅದರಲ್ಲಿ ಏನಿದೆಯೆಂದು ಕೇಳಿದವಳಲ್ಲ, ಅವಳಿಗೆ ಹೇಳಿದವರೂ ಇಲ್ಲ. ೨೦೨೪ರಲ್ಲಿ ಈ ದಿಬ್ಬಗಳ ಪೈಕಿ ೧೩ನ್ನು ಮತ್ತೆ ಸೋಸುವ ಪ್ರಸ್ತಾಪಕ್ಕೆ ರಾಜ್ಯದ ಸಚಿವ ಸಂಪುಟವು ಸಮ್ಮತಿಯನ್ನು ಕೊಟ್ಟಿತು. ಅಲ್ಲಿ ಎಲ್ಲರ ದೃಷ್ಟಿಯೂ ಉಳಿದ ಚಿನ್ನದ ಮೇಲಿದೆ. ಚಿನ್ನಕ್ಕಾಗಿ ಸೋಸಿ, ಶೀಲೈಟನ್ನು ಲೆಕ್ಕಕ್ಕೆ ತಾರದೆ ಎರಡನೆಯ ಸಲ ಚೆಲ್ಲಿದರೆ, ಹಿಂದಿನವರು ಅರಿಯದೆ ಮಾಡಿದುದನ್ನು ಈಗಿನವರು ಅರಿತೇ ಮಾಡಿದಂತಾಗುವುದು.

ಡೇಗಾನೆಯ ಚರಿತ್ರೆಯಿಂದ ಗ್ರಹಿಸತಕ್ಕ ಅಂಶವು ಇಷ್ಟೆ. ಯುದ್ಧಕಾಲದಲ್ಲಿ ಗಣಿಯನ್ನು ತೆರೆಯುವವರಿಗೆ ಅವಸರವಿರುತ್ತದೆ, ವಿಚಾರವಿರುವುದಿಲ್ಲ. ಯಾವ ಎಳೆಯನ್ನು ಬಿಡಬೇಕು, ಧೂಳಿನಿಂದ ಯಾರನ್ನು ಕಾಪಾಡಬೇಕು, ಬಗೆದ ನೆಲವನ್ನು ಹೇಗೆ ಹಿಂದಕ್ಕೆ ಒಪ್ಪಿಸಬೇಕು ಎಂಬಿವನ್ನು ಆಲೋಚಿಸಲು ಶಾಂತಿಯ ಕಾಲವೇ ತಕ್ಕುದು. ಅಗೆಯುವುದೋ ಬಿಡುವುದೋ, ಎರಡಕ್ಕೂ ಮೊದಲು ಅಳತೆಯಾಗಬೇಕು. ಅಳೆಯದೆ ಮುಚ್ಚಿದ ಗಣಿಯ ವಿಷಯದಲ್ಲಿ ೨೦೨೩ರಂತಹ ಪೊಳ್ಳು ವಾರ್ತೆಗಳೇ ಹುಟ್ಟುತ್ತವೆ. ಅಳೆಯದೆ ತೆರೆದ ಗಣಿಯಿಂದ ಊರವರಿಗೆ ಧೂಳು ಉಳಿಯುತ್ತದೆ, ಸತ್ತ್ವವು ಪರರಿಗೆ ಸಲ್ಲುತ್ತದೆ. ಆಚಾರ್ಯನು ಹೇಳಿದ ಆಕರಾಧ್ಯಕ್ಷನು ಗಣಿಯನ್ನು ತೆರೆಯುವುದಕ್ಕೆ ಮಾತ್ರ ನೇಮಿತನಾದವನಲ್ಲ. ನಿಂತುಹೋದ ಗಣಿಯನ್ನು ಹುಡುಕಿಕೊಂಡು ಹೋಗಿ ಪರೀಕ್ಷಿಸುವುದೂ ಅವನ ಕೆಲಸವೇ ಆಗಿತ್ತು. ಅವನಿಗೆ ಆ ಕೆಲಸವು ರೇವಂತ ಗುಡ್ಡದ ಬುಡದಲ್ಲಿಯೂ ಇದೆ, ಕೋಲಾರದ ದಿಬ್ಬಗಳ ಬುಡದಲ್ಲಿಯೂ ಇದೆ.